ಕೂಲಿಯ ಸಾಲು: ಚಿತ್ತಾರದ ಕಾರ್ಡುಗಳಿಂದ ಲಾಭ–ನಷ್ಟದ ಪಾಠ

ತರಗತಿ: ಏಳು. ವಿಷಯ: ಗಣಿತ. ಪಾಠಾಂಶ: ಲಾಭ, ನಷ್ಟ, ಶೇಕಡಾ. ಅವಧಿ: 40 ನಿಮಿಷಗಳ ಐದು ತರಗತಿಗಳು. ಸ್ಥಳ: ಭದ್ರಾವತಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ.

ಬೋಧನಾಭ್ಯಾಸಕ್ಕೆ ಲಾಭ–ನಷ್ಟದ ಪಾಠವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಬಹಳ. ಸೂತ್ರ ಎರಡೇ, ಉದಾಹರಣೆ ಬೇಕಾದಷ್ಟು, ಚಾರ್ಟು ಮಾಡಲು ಒಂದು ಸಂಜೆ ಸಾಕು. ಒಬ್ಬ ವ್ಯಾಪಾರಿ ಕುರ್ಚಿಯನ್ನು ಒಂದು ಬೆಲೆಗೆ ಕೊಳ್ಳುತ್ತಾನೆ, ಇನ್ನೊಂದು ಬೆಲೆಗೆ ಮಾರುತ್ತಾನೆ, ಮಕ್ಕಳು ಕಳೆದು ನೂರರಿಂದ ಗುಣಿಸುತ್ತಾರೆ. ಈ ಲೆಕ್ಕಗಳಲ್ಲಿ ಕೊಳ್ಳುವವರೂ ಮಾರುವವರೂ ಇದ್ದಾರೆ, ಕುರ್ಚಿ ಮಾಡಿದ ಬಡಗಿ ಮಾತ್ರ ಎಲ್ಲಿಯೂ ಬರುವುದಿಲ್ಲ. ಮಾಡಿದವರೇ ಮಾರುವಾಗ 'ಕೊಂಡ ಬೆಲೆ' ಎಂದರೇನು ಎಂಬ ಪ್ರಶ್ನೆ ಅಂಥ ಲೆಕ್ಕದಲ್ಲಿ ಏಳುವುದೇ ಇಲ್ಲ. ಭದ್ರಾವತಿಯಂಥ ಊರಿನ ಮಕ್ಕಳ ಮನೆಯಲ್ಲಿ ಕೊಂಡು ಮಾರುವವರಿಗಿಂತ ದುಡಿದು ಕೂಲಿ ತರುವವರೇ ಹೆಚ್ಚು. ಆದ್ದರಿಂದ ಮಾಡಿದವರೇ ಮಾರುವ ಒಂದು ಉದಾಹರಣೆ ಬೇಕೆನಿಸಿತು.

ಅದು ಕೈಗೆಟುಕುವಂತೆಯೇ ಇತ್ತು. 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಚಟುವಟಿಕೆಯಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಕೈಯಿಂದ ಕಾರ್ಡು ಬರೆದು, ಶಿವಮೊಗ್ಗದಲ್ಲಿ ಕಾಲೇಜಿನ ಆವರಣದಲ್ಲೇ ಮಾರಿ, ಬಂದ ಹಣವನ್ನು ಮಕ್ಕಳ ಓದಿಗೆ ನೆರವಾಗುವ ಒಂದು ಸೇವಾ ಸಂಸ್ಥೆಗೆ ಕೊಡುವ ರೂಢಿಯಿದೆ. ಈ ಬಾರಿ ಬರೆದದ್ದು ಹಸೆ ಚಿತ್ತಾರದ ಕಾರ್ಡು. ಅದರ ಲೆಕ್ಕದ ಹಾಳೆಯನ್ನೇ, ಭಾಗಾಕಾರ ಸುಲಭವಾಗುವಂತೆ ಅಂಕಿಗಳನ್ನು ದುಂಡಗೆ ಮಾಡಿಕೊಂಡು, ಕಲಿಕೋಪಕರಣವಾಗಿ ಒಯ್ದೆ.

ಕಾರ್ಡು ಮಾರಿ ಶಾಲೆಗೆ ಹಣ: ಹಿನ್ನೆಲೆ

ಮಕ್ಕಳ ಹಿತಕ್ಕೆಂದು ಚಿತ್ರದ ಕಾರ್ಡು ಮಾರುವುದು ನಮ್ಮ ಕಾಲೇಜು ಕಂಡುಹಿಡಿದ ಉಪಾಯವೇನಲ್ಲ. ಎರಡನೇ ಮಹಾಯುದ್ಧದ ನಂತರ ಯೂನಿಸೆಫ್‌ನಿಂದ ನೆರವು ಪಡೆದ ಚೆಕೊಸ್ಲೊವಾಕಿಯಾದ ಒಂದು ಹಳ್ಳಿಯ ಏಳು ವರ್ಷದ ಹುಡುಗಿ ಯಿಟ್ಕಾ ಸಾಮ್‌ಕೋವಾ ಕೃತಜ್ಞತೆಗೆಂದು ಚಿತ್ರ ಬರೆದಳು. ಕಾಗದ ಸಿಗದೆ ಗಾಜಿನ ಮೇಲೆ ಬರೆದ ಆ ಚಿತ್ರವೇ 1949ರಲ್ಲಿ ಯೂನಿಸೆಫ್‌ನ ಮೊದಲ ಶುಭಾಶಯ ಪತ್ರವಾಯಿತು. ನಮ್ಮ ದೇಶದಲ್ಲಿ ಈ ದಾರಿಯನ್ನು ಮನೆಮಾತಾಗಿಸಿದ್ದು ಕ್ರೈ ಸಂಸ್ಥೆ. ವಿಮಾನದಲ್ಲಿ ಪರ್ಸರ್ ಆಗಿದ್ದ ರಿಪ್ಪನ್ ಕಪೂರ್ ಮತ್ತು ಅವರ ಆರು ಗೆಳೆಯರು 1979ರಲ್ಲಿ ಮುಂಬಯಿಯಲ್ಲಿ 50 ರೂಪಾಯಿ ಇಟ್ಟುಕೊಂಡು ಅದನ್ನು ಆರಂಭಿಸಿದರು. ಶುಭಾಶಯ ಪತ್ರಗಳ ಮಾರಾಟ ಬಹುಕಾಲ ಅದರ ಗುರುತಾಗಿತ್ತು. ಹೆಸರಿನಲ್ಲಿದ್ದ 'ಪರಿಹಾರ' ಎಂಬ ಅರ್ಥದ ಪದ ಹೋಗಿ ಮುಂದೆ 'ಹಕ್ಕು' ಎಂಬ ಅರ್ಥದ ಪದ ಬಂತು: ಚೈಲ್ಡ್ ರಿಲೀಫ್ ಅಂಡ್ ಯೂ ಇದ್ದದ್ದು ಚೈಲ್ಡ್ ರೈಟ್ಸ್ ಅಂಡ್ ಯೂ ಆಯಿತು. ಈ ಬದಲಾವಣೆ ಪಾಠದ ಕೊನೆಯಲ್ಲಿ ನನ್ನ ಉಪಯೋಗಕ್ಕೆ ಬಂತು.

ಆದರೆ ಗಣಿತದ ಕಣ್ಣಿನಿಂದ ನೋಡಿದರೆ ಯೂನಿಸೆಫ್ ಕಾರ್ಡಿಗೂ ನಮ್ಮ ಕಾರ್ಡಿಗೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಚಿತ್ರ ಒಂದು, ಅಚ್ಚಿನ ಪ್ರತಿ ಸಾವಿರಾರು. ಕಲಾವಿದರ ದುಡಿಮೆಯನ್ನು ಸಾವಿರಾರು ಪ್ರತಿಗಳಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಪೈಸೆಗಳ ಲೆಕ್ಕ, ಅದನ್ನು ಬಿಟ್ಟರೂ ಉತ್ತರ ಹೆಚ್ಚು ಬದಲಾಗುವುದಿಲ್ಲ. ಕೈಯಿಂದ ಬರೆದ ಕಾರ್ಡಿನಲ್ಲಿ ಹಾಗಿಲ್ಲ. ನಲವತ್ತನೆಯ ಕಾರ್ಡೂ ಮೊದಲನೆಯದರಷ್ಟೇ ಹೊತ್ತು ಕೇಳುತ್ತದೆ.

ಹಸೆ ಚಿತ್ತಾರವನ್ನೇ ಆರಿಸಿದ್ದು

ಹಸೆ ಚಿತ್ತಾರ ನಮ್ಮ ಜಿಲ್ಲೆಯದೇ. ಸಾಗರ, ಸೊರಬ ಸೀಮೆಯಲ್ಲಿ, ಪಕ್ಕದ ಸಿದ್ದಾಪುರದ ಕಡೆಯಲ್ಲಿ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಎಳೆಎಳೆಯಾಗಿ ಬರೆಯುವ ಚಿತ್ರ. ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಸುಟ್ಟು ಕರಕಾದ ಅಕ್ಕಿ, ಹಳದಿಗೆ ಗುರಿಗೆಯ ಬೀಜ, ಕೆಂಪಿಗೆ ಕೆಮ್ಮಣ್ಣು. ಕುಂಚವೂ ಅಂಗಡಿಯದಲ್ಲ, ಪುಂಡಿಯ ನಾರಿನದು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ ಇರುತ್ತದೆ. ಈಗ ಆ ಕಡೆಯ ಕಲಾವಿದೆಯರು ಕಾಗದ, ಬಟ್ಟೆಗಳ ಮೇಲೂ ಬರೆದು ಮಾರುತ್ತಾರೆ.

ಗಣಿತ ಶಿಕ್ಷಕರಿಗೆ ಇದು ಹಬ್ಬದೂಟ. ಸಮಾಂತರ ರೇಖೆ, ಕರ್ಣ, ತ್ರಿಭುಜ, ಸಮ್ಮಿತಿ ಎಲ್ಲ ಒಂದೇ ಚೌಕದಲ್ಲಿ ಸಿಗುತ್ತವೆ. ನಮ್ಮ ಸಹಪಾಠಿಗಳು ಇದರಿಂದ ರೇಖಾಗಣಿತದ ಪಾಠ ಮಾಡಿದ್ದಾರೆ, ಆ ಭಾಗ ಇಲ್ಲಿ ಬೇಡ. ವಿಜ್ಞಾನದವಳಾದ್ದರಿಂದ ಒಂದು ಮಾತು ಮಾತ್ರ ಸೇರಿಸುತ್ತೇನೆ. ಗುರಿಗೆ ಸಿಗದ ಕಡೆ ಅರಿಶಿನ ಬಳಸುವವರು ಬಿಳಿಗೆ ಸುಣ್ಣ ಹಾಕಬಾರದು. ಸುಣ್ಣ ಪ್ರತ್ಯಾಮ್ಲ, ಅರಿಶಿನ ನೈಸರ್ಗಿಕ ಸೂಚಕ. ಹಳದಿ ಎಳೆ ಬಿಳಿ ಎಳೆಗೆ ತಾಗಿದಲ್ಲಿ ಕೆಂಪಾಗುತ್ತದೆ. ಅಕ್ಕಿಹಿಟ್ಟಿಗೆ ಈ ತೊಂದರೆಯಿಲ್ಲ. ಅರಿಶಿನ ಬಿಸಿಲಿಗೆ ಮಾಸುವುದೂ ನಿಜ, ಕಾರ್ಡನ್ನು ಕಿಟಕಿಯ ಬಳಿ ಇಡುವವರಿಗೆ ಹೇಳಿ ಮಾರುವುದು ಒಳ್ಳೆಯದು.

ಮೊದಲ ತರಗತಿ: ಶೇಕಡಾ 275 ಲಾಭ

ಕಪ್ಪುಹಲಗೆಯ ಮೇಲೆ 40 ಕಾರ್ಡಿನ ಲೆಕ್ಕ ಬರೆದೆ. ದಪ್ಪ ಹಾಳೆ 5, ಒಂದಕ್ಕೆ 30ರಂತೆ 150 ರೂಪಾಯಿ. ಒಂದು ಹಾಳೆಯಲ್ಲಿ 8 ಕಾರ್ಡು. ಲಕೋಟೆ 40, ಒಂದಕ್ಕೆ 2ರಂತೆ 80. ಗೋಂದು, ಪೆನ್ಸಿಲು, ಇತರೆ 50. ಕೆಮ್ಮಣ್ಣು, ಅಕ್ಕಿ, ಬಣ್ಣಕ್ಕೆ ಅಂದಾಜು 40. ಒಟ್ಟು 320 ರೂಪಾಯಿ, ಅಂದರೆ ಕಾರ್ಡಿಗೆ 8. ಮಾರಿದ ಬೆಲೆ ಕಾರ್ಡಿಗೆ 30, ಒಟ್ಟು 1,200.

ಹಾಳೆಯ ದರ ಕೇಳಿದಾಗ ಒಂದು ಬೆಂಚಿನಲ್ಲಿ ಸಣ್ಣ ಗದ್ದಲವಾಯಿತು. ಭದ್ರಾವತಿಯೆಂದರೆ ಕಾಗದದ ಊರು. ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾದದ್ದು, ಒಂದು ಬಡಾವಣೆಗೇ ಪೇಪರ್ ಟೌನ್ ಎಂದು ಹೆಸರಿದೆ. ಅಲ್ಲಿಯ ಯಂತ್ರಗಳು ನಿಂತು ವರ್ಷಗಳೇ ಆಗಿವೆ. "ನಮ್ಮ ತಾತ ಪೇಪರ್ ಮಿಲ್ಲಲ್ಲೇ ಇದ್ದಿದ್ದು ಮಿಸ್, ಹಾಳೆನ ಶಿವಮೊಗ್ಗದಿಂದ ತಂದ್ರಾ?" ಎಂದು ಒಬ್ಬ ಕೇಳಿದ. ಗಾಂಧಿ ಬಜಾರಿನಿಂದ ತಂದದ್ದು ಹೌದೆಂದೆ.

ಲಾಭ 880 ರೂಪಾಯಿ. 880ನ್ನು 320ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 275. ಮಕ್ಕಳು ಚಪ್ಪಾಳೆ ತಟ್ಟಿದರು. ನೂರಕ್ಕಿಂತ ಹೆಚ್ಚು ಶೇಕಡಾ ಇರಬಹುದೇ ಎಂಬ ಅನುಮಾನ ನಾಲ್ಕೈದು ಮಂದಿಗೆ ಇತ್ತು, ಅದನ್ನು ಬಿಡಿಸಿದ್ದೇ ಆ ದಿನದ ಕಲಿಕೆ. ಸೂತ್ರದ ಮಟ್ಟಿಗೆ ಪಾಠ ಅಲ್ಲಿಗೆ ಮುಗಿಯಬಹುದಿತ್ತು. ಕಾಲೇಜಿನ ಲೆಕ್ಕದ ಹಾಳೆಯೂ ಅಲ್ಲಿಗೇ ಮುಗಿಯುತ್ತದೆ.

ಎರಡನೇ ತರಗತಿ: ಗಡಿಯಾರ

ಮಕ್ಕಳಿಗೆ ಕಾರ್ಡಿನ ಅಳತೆಯ ಹಾಳೆ ಕೊಟ್ಟು, ಚಿತ್ತಾರದ ಅಂಚಿನ ಒಂದು ಪಟ್ಟಿ ಮತ್ತು ನಡುವಿನ ಒಂದು ಚೌಕ ಬರೆಯಲು ಹೇಳಿದೆ. ಆರಂಭದ ಹೊತ್ತು, ಮುಗಿದ ಹೊತ್ತು ಹಾಳೆಯ ಹಿಂದೆ ಬರೆಯಬೇಕು. ಗಂಟೆ ಹೊಡೆದಾಗ ಪೂರ್ತಿ ಮುಗಿಸಿದವರು ಕೆಲವರೇ. ನಾವು ಪ್ರಶಿಕ್ಷಣಾರ್ಥಿಗಳಿಗೂ ಒಂದು ಕಾರ್ಡಿಗೆ ಹಿಡಿದದ್ದು ಸುಮಾರು 40 ನಿಮಿಷ, ಒಂದು ತರಗತಿಯ ಅವಧಿಯಷ್ಟೇ. ಈ ಸಮಾನತೆ ಅನುಕೂಲವಾಯಿತು. ನಲವತ್ತು ಕಾರ್ಡೆಂದರೆ ನಲವತ್ತು ಪೀರಿಯಡ್ಡು ಎಂದು ಮಕ್ಕಳೇ ಹೇಳಿದರು.

ಹಾಳೆಗಳನ್ನು ಒಟ್ಟುಮಾಡುವಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ನಿನ್ನೆಯ ಲೆಕ್ಕವನ್ನು ನೋಡಿಕೊಂಡು ಕೇಳಿದಳು: "ಮಿಸ್, ಇದ್ರಲ್ಲಿ ಕೂಲಿ ಹಾಕಿಲ್ವಲ್ಲ? ನಮ್ಮಮ್ಮ ಅಡಿಕೆ ಸುಲಿಯಕ್ಕೆ ಹೋದ್ರೆ ಕೂಲಿ ಕೊಡ್ತಾರೆ."

ಪಾಠಯೋಜನೆಯಲ್ಲಿ ಈ ಪ್ರಶ್ನೆಯನ್ನು ನಾನೇ ಕೇಳುವುದಾಗಿ ಬರೆದುಕೊಂಡಿದ್ದೆ. ಅವಳೇ ಕೇಳಿದ್ದರಿಂದ ನನ್ನ ಐದು ನಿಮಿಷ ಉಳಿಯಿತು, ಪ್ರಶ್ನೆಗೂ ತೂಕ ಬಂತು.

ಮೂರನೇ ತರಗತಿ: ಕೂಲಿಯನ್ನು ಬರೆದಾಗ

ಗಂಟೆಗೆ ಎಷ್ಟು ಕೂಲಿ ಹಿಡಿಯಬೇಕು? ಮಕ್ಕಳು ಹೇಳಿದ ದರಗಳು ಒಂದಕ್ಕೊಂದು ಹೊಂದಲಿಲ್ಲ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಎಂದು ಎರಡು ದರ ಹೇಳಿದವರೂ ಇದ್ದರು. ಒಂದು ಸಾರ್ವಜನಿಕ ಅಳತೆ ಬೇಕಾಗಿ ನರೇಗಾ ದಿನಗೂಲಿಯನ್ನು ತೆಗೆದುಕೊಂಡೆವು. 2025–26ಕ್ಕೆ ಕರ್ನಾಟಕದಲ್ಲಿ ಅದು 370 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ಎಂಟು ಗಂಟೆಗೆ ಭಾಗಿಸಲು ಸುಲಭವಾಗಲೆಂದು 360 ಎಂದು ಹಿಡಿದೆವು: ಗಂಟೆಗೆ 45 ರೂಪಾಯಿ.

ಇಲ್ಲಿ ಗಣಿತ ಶಿಕ್ಷಕರು ಗಮನಿಸಬೇಕಾದ ಒಂದು ತೊಡಕು ಬಂತು. 40 ನಿಮಿಷಕ್ಕೆ ಕೂಲಿ ಎಷ್ಟು ಎಂದರೆ ತರಗತಿಯ ಸುಮಾರು ಮೂರನೇ ಒಂದು ಭಾಗ 18 ರೂಪಾಯಿ ಎಂದು ಬರೆಯಿತು. ಅವರು 40 ನಿಮಿಷವನ್ನು 0.40 ಗಂಟೆ ಎಂದು ತಿಳಿದು 45ರಿಂದ ಗುಣಿಸಿದ್ದರು. ದಶಮಾಂಶದ ಪಾಠದಲ್ಲಿ ರೂಪಾಯಿ–ಪೈಸೆ, ಮೀಟರು–ಸೆಂಟಿಮೀಟರುಗಳನ್ನೇ ಹೆಚ್ಚು ಬಳಸುವುದರಿಂದ, ಬಿಂದುವಿನ ಬಲಗಡೆಯದೆಲ್ಲ 'ಚಿಕ್ಕ ಘಟಕ' ಎಂಬ ಅಭ್ಯಾಸ ಕೂತಿರುತ್ತದೆ. ಗಡಿಯಾರದ ಮುಖವನ್ನು ಬರೆದು, 20 ನಿಮಿಷದ ಮೂರು ಹೋಳು ಮಾಡಿ, ಎರಡು ಹೋಳಿಗೆ ಬಣ್ಣ ಹಚ್ಚಿಸಿದೆ. ಮೂರನೇ ಎರಡು ಗಂಟೆ, ಆದ್ದರಿಂದ 30 ರೂಪಾಯಿ. 18 ಎಂದವರಿಗೆ ಉತ್ತರ ತಪ್ಪೆಂದು ಹೇಳುವ ಮೊದಲು ಅರ್ಧ ಗಂಟೆಯ ಕೂಲಿ ಕೇಳಿದರೆ ಸಾಕು. ಅರ್ಧ ಗಂಟೆಗೇ ಇಪ್ಪತ್ತೆರಡೂವರೆಯಾದರೆ 40 ನಿಮಿಷಕ್ಕೆ 18 ಹೇಗೆ ಎಂದು ಅವರೇ ತಿದ್ದಿಕೊಳ್ಳುತ್ತಾರೆ. 'ಅಮ್ಮನಿಗೆ ಕಡಿಮೆ ಕೊಟ್ಟ ಹಾಗಾಯ್ತು' ಎಂದು ಒಬ್ಬ ಪಕ್ಕದವನಿಗೆ ಹೇಳುತ್ತಿದ್ದ.

ಕಾರ್ಡಿಗೆ 30 ರೂಪಾಯಿ ಕೂಲಿ. ಮಾರಿದ ಬೆಲೆಯೂ 30. ಹಾಗಾದರೆ ಹಾಳೆ, ಲಕೋಟೆಗಳ 8 ರೂಪಾಯಿ ಎಲ್ಲಿಂದ ಬಂತು? ಮಕ್ಕಳು ಹೊಸ ಲೆಕ್ಕ ಹಾಕಿದರು. ಸಾಮಗ್ರಿ 320, ಕೂಲಿ 1,200, ಒಟ್ಟು ತಗುಲಿದ್ದು 1,520. ಮಾರಿದ್ದು 1,200. ನಷ್ಟ 320 ರೂಪಾಯಿ, ಶೇಕಡಾ ಸುಮಾರು 21. ಎರಡು ದಿನದ ಹಿಂದೆ 275 ಲಾಭವಿದ್ದ ಅದೇ ಕಾರ್ಡು!

ದಾನಿ ಯಾರು?

ಪಾಠದ ಮುಖ್ಯ ಭಾಗ ಇದು, ಯೋಜನೆಯಲ್ಲಿ ನಾನು ಇದಕ್ಕೆ ಕೊಟ್ಟದ್ದು ಹತ್ತೇ ನಿಮಿಷ. ಹಿಡಿದದ್ದು ಇಡೀ ನಾಲ್ಕನೇ ತರಗತಿ.

ಸೇವಾ ಸಂಸ್ಥೆಗೆ 880 ರೂಪಾಯಿ ತಲುಪಿರುವುದು ನಿಜ. ಅದನ್ನು ಕೊಟ್ಟವರು ಯಾರು? ಕೊಂಡವರು ಎಂದು ಬಹುತೇಕ ಮಕ್ಕಳು ಹೇಳಿದರು. ಮಾರಾಟದ ಫಲಕಗಳಲ್ಲಿಯೂ ಹಾಗೆಯೇ ಬರೆದಿರುತ್ತದೆ, ಕಾರ್ಡು ಕೊಂಡು ಮಗುವಿನ ಓದಿಗೆ ನೆರವಾಗಿ ಎಂದು. ಲೆಕ್ಕ ಬೇರೆ ಮಾತು ಹೇಳುತ್ತದೆ. ಕೊಂಡವರು 30 ಕೊಟ್ಟು 38 ರೂಪಾಯಿ ತಗುಲಿದ ವಸ್ತುವನ್ನು ಮನೆಗೆ ಒಯ್ದಿದ್ದಾರೆ. ಬರೆದವರು ತಮ್ಮ 30 ರೂಪಾಯಿಯ ದುಡಿಮೆಯನ್ನು ಬಿಟ್ಟುಕೊಟ್ಟಿದ್ದಾರೆ. ಅದರಲ್ಲಿ 22 ಸಂಸ್ಥೆಗೆ ಹೋಯಿತು, 8 ರೂಪಾಯಿ ಕೊಂಡವರಿಗೇ ಹೋಯಿತು. "ತಗಂಡೋರ್ಗೇ ನಾವು ದಾನ ಮಾಡಿದಂಗಾಯ್ತಲ್ಲ!" ಎಂದು ಒಬ್ಬ ನಕ್ಕ. ನಗುವಂಥದ್ದೇ.

ನಮ್ಮ ಉಪನ್ಯಾಸಕರೊಬ್ಬರು ಪಾಠ ನೋಡಿದ ಮೇಲೆ ಒಂದು ಆಕ್ಷೇಪ ಎತ್ತಿದರು, ಅದು ಸರಿಯಾದ ಆಕ್ಷೇಪ: ಮನಸಾರೆ ಮಾಡಿದ ಸೇವೆಗೆ ಕೂಲಿ ಕಟ್ಟಿದರೆ ಸೇವೆಯ ಅರ್ಥ ಕೆಡುವುದಿಲ್ಲವೇ? ನನ್ನ ಅಭಿಪ್ರಾಯದಲ್ಲಿ ಕೂಲಿ ಕೊಡುವುದು ಬೇರೆ, ಬರೆಯುವುದು ಬೇರೆ. ಕೂಲಿ ಪಡೆಯದವರ ಹೆಸರಿನಲ್ಲಿಯೂ ಅದನ್ನು ಖರ್ಚಿನ ಕಡೆ 1,200 ಎಂದು ಬರೆದು, ಜಮೆಯ ಕಡೆ 'ಬರೆದವರು ಬಿಟ್ಟುಕೊಟ್ಟ ದುಡಿಮೆ 1,200' ಎಂದು ಬರೆಯಬಹುದು. ಆಗ ಜಮೆ 2,400, ಖರ್ಚು 1,520, ಉಳಿತಾಯ ಅದೇ 880. ಸಂಸ್ಥೆಗೆ ಹೋಗುವ ಹಣದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಕೊಟ್ಟವರು ಯಾರೆಂಬುದು ಮಾತ್ರ ಹಾಳೆಯ ಮೇಲೆ ಕಾಣುತ್ತದೆ. ಸೇವೆ ಎಷ್ಟಿತ್ತೆಂದು ತಿಳಿಯುವುದೂ ಆಗಲೇ.

ಬರೆಯದೆ ಬಿಟ್ಟರೆ ತೊಂದರೆ ಯಾರಿಗೆ? ನಮಗಲ್ಲ, ನಾವು ಪ್ರಶಿಕ್ಷಣಾರ್ಥಿಗಳು ಕಾರ್ಡು ಬರೆದು ಬದುಕುವವರಲ್ಲ. ತೊಂದರೆ ಸಾಗರ ಕಡೆಯ ಕಲಾವಿದೆಗೆ. ಅವಳ ಚಿತ್ತಾರವನ್ನೇ ಕಲಿತು ನಾವು 30ಕ್ಕೆ ಮಾರಿದರೆ, ಅವಳು 60 ಎಂದಾಗ 'ಕಾಲೇಜಿನವರು 30ಕ್ಕೆ ಕೊಟ್ಟರಲ್ಲ' ಎಂಬ ಮಾತು ಬರುತ್ತದೆ. ಶಿಕ್ಷಣಶಾಸ್ತ್ರದ ಪತ್ರಿಕೆಯಲ್ಲಿ ನಾವು ಓದುವ ವಾರ್ಧಾ ಯೋಜನೆಯ ಸಂದರ್ಭದಲ್ಲಿ ಇದೇ ಪ್ರಶ್ನೆ ಎದ್ದಿತ್ತು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿ ಕರಕುಶಲದ ಮೂಲಕ ಶಿಕ್ಷಣವನ್ನೂ, ಆ ಉತ್ಪನ್ನದಿಂದ ಶಾಲೆಯ ಖರ್ಚು ಹೊರಡುವುದನ್ನೂ ಮುಂದಿಟ್ಟರು. ಶಾಲೆಯ ಸರಕು ಕುಶಲಕರ್ಮಿಗಳ ಸರಕಿನ ಜೊತೆ ಪೈಪೋಟಿಗೆ ಇಳಿಯುತ್ತದೆ ಎಂದು ಪ್ರೊ. ಕೆ.ಟಿ. ಷಾ ಆಕ್ಷೇಪಿಸಿದರು. ಡಾ. ಜಾಕಿರ್ ಹುಸೇನರ ಸಮಿತಿಯೂ ತನ್ನ ವರದಿಯಲ್ಲಿ, ಹಣದ ಕಡೆಗೇ ಗಮನ ಹರಿದು ಕಲಿಕೆ ಹಿಂದೆ ಬೀಳುವ ಅಪಾಯವನ್ನು ಎಚ್ಚರಿಸಿತು. ಪರೀಕ್ಷೆಗೆ ಐದು ಅಂಕದ ಉತ್ತರವಾಗಿ ಬರೆದು ಮರೆಯುವ ವಿಷಯ, ಕಾಲೇಜಿನ ಮಾರಾಟದ ಮೇಜಿನ ಮೇಲೆ ಕೂತಿತ್ತು.

ಇದೇ ಕಾರಣಕ್ಕೆ ತರಗತಿಯ ಮಕ್ಕಳು ಎರಡನೇ ದಿನ ಬರೆದ ಕಾರ್ಡುಗಳನ್ನು ಮಾರಲಿಲ್ಲ, ಅವರವರ ಮನೆಗೇ ಕಳಿಸಿದೆ. ಕಲಿಯಲು ಒಂದು ಕಾರ್ಡು ಬರೆಯುವುದು ಬೇರೆ, ಹಣಕ್ಕೆಂದು ಇಷ್ಟು ಕಾರ್ಡು ಮುಗಿಸಬೇಕೆಂದು ಮಕ್ಕಳಿಗೆ ಗುರಿ ಕೊಡುವುದು ಬೇರೆ.

ಅರವತ್ತರ ಕಾರ್ಡು

ಬರೆದವರಿಗೆ ಕೂಲಿಯೂ ಸಿಗಬೇಕು, ಸಂಸ್ಥೆಗೆ 880 ರೂಪಾಯಿಯೂ ಹೋಗಬೇಕು ಎಂದಾದರೆ ಕಾರ್ಡಿನ ಬೆಲೆ ಎಷ್ಟಿರಬೇಕು? 320, 1,200, 880 ಕೂಡಿದರೆ 2,400. ನಲವತ್ತರಿಂದ ಭಾಗಿಸಿದರೆ 60 ರೂಪಾಯಿ. ಸಾಮಗ್ರಿ 8, ಕೂಲಿ 30, ಕೊಡುಗೆ 22. ಶೇಕಡಾವಾರು ನೋಡಿದರೆ ಸಾಮಗ್ರಿ ಹದಿಮೂರು ಪೂರ್ಣಾಂಕ ಮೂರನೇ ಒಂದು, ಕೂಲಿ ಐವತ್ತು, ಉಳಿದದ್ದು ಕೊಡುಗೆ. ವೃತ್ತನಕ್ಷೆಗೆ 48, 180, 132 ಡಿಗ್ರಿ. ಕೋನಮಾಪಕ ಎಲ್ಲರ ಬಳಿ ಇರಲಿಲ್ಲ, ಮೂವರಿಗೊಂದರಂತೆ ಹಂಚಿಕೊಂಡರು. ಅರ್ಧ ವೃತ್ತ ಪೂರ್ತಿ ಕೂಲಿಯದೇ ಎಂಬುದು ಬಣ್ಣ ಹಚ್ಚಿದಾಗ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

"ಅರವತ್ತು ಅಂದ್ರೆ ಯಾರೂ ತಗಳಲ್ಲ ಮಿಸ್. ಅಂಗಡೀಲಿ ಪ್ರಿಂಟಿಂದು ಇಪ್ಪತ್ತಕ್ಕೇ ಸಿಗುತ್ತೆ." ಹೀಗೆ ಹೇಳಿದ ಹುಡುಗನ ಮನೆಯವರು ಸಂತೆಯಲ್ಲಿ ಅಂಗಡಿ ಇಡುವವರು. ಅವನ ಮಾತಿಗೆ ಉತ್ತರವಾಗಿ ಉಪದೇಶ ಮಾಡುವುದು ಬೇಡವೆಂದು, ಏನು ಮಾಡಿದರೆ ಬೆಲೆ ಇಳಿಯುತ್ತದೆ ಎಂದು ಕೇಳಿದೆ. ಹಾಳೆ ಅಗ್ಗದ್ದು ತಂದರೆ ಒಂದೋ ಎರಡೋ ರೂಪಾಯಿ ಉಳಿಯುತ್ತದೆ ಅಷ್ಟೇ. ಕೂಲಿ ಇಳಿಸುವಂತಿಲ್ಲ ಎಂದು ಅಡಿಕೆ ಸುಲಿಯುವವರ ಮಗಳು ಪಟ್ಟು ಹಿಡಿದಳು. ಉಳಿದದ್ದು ಹೊತ್ತು. ಕಡಿಮೆ ಹೊತ್ತು ಹಿಡಿಯುವ ವಸ್ತು ಮಾಡಬಹುದು. ಪುಸ್ತಕದೊಳಗೆ ಗುರುತಿಗೆ ಇಡುವ ಪಟ್ಟಿಯಾದರೆ ಅಂಚಿನ ಒಂದು ಸಾಲು ಚಿತ್ತಾರ ಸಾಕು, 10 ನಿಮಿಷ. ಕೂಲಿ ಏಳೂವರೆ, ಸಾಮಗ್ರಿ ಎರಡೂವರೆ, ಕೊಡುಗೆ 5, ಬೆಲೆ 15. ಕೊಡುಗೆಯ ಪಾಲು ಮೂರನೇ ಒಂದು. ಕಾರ್ಡಿನದಕ್ಕಿಂತ ಕೊಂಚ ಕಡಿಮೆ, ಆದರೆ ಹದಿನೈದು ರೂಪಾಯಿಯನ್ನು ಮಕ್ಕಳೂ ಕೊಡಬಲ್ಲರು. ಮುಂದಿನ ಮೆಟ್ರಿಕ್ ಮೇಳದಲ್ಲಿ ತರಕಾರಿ, ಕಡಲೆಕಾಯಿಗಳ ಅಂಗಡಿಯ ಪಕ್ಕ ಇದೂ ಒಂದು ಇರಲಿ ಎಂದು ಮಾರ್ಗದರ್ಶಕ ಶಿಕ್ಷಕಿಯವರು ಒಪ್ಪಿದರು. ಬರೆಯುವವರು ದೊಡ್ಡವರೇ, ಅಂಗಡಿಯಲ್ಲಿ ಲೆಕ್ಕ ಬರೆಯುವವರು ಮಕ್ಕಳು.

ಯಾವ ಮಕ್ಕಳಿಗೆ?

ಹಣ ಯಾರಿಗೆ ಹೋಗುತ್ತದೆ ಎಂಬ ಪ್ರಶ್ನೆ ಬಾರದೆ ಇರಲಿಲ್ಲ. 'ಬಡ ಮಕ್ಕಳಿಗೆ' ಎಂಬ ಮಾತನ್ನು ನಾನು ಉದ್ದೇಶಪೂರ್ವಕವಾಗಿ ಬಳಸಿರಲಿಲ್ಲ. ಇಂಥ ಸಂಸ್ಥೆಗಳು ನೆರವಾಗುವುದು ಈ ತರಗತಿಯಲ್ಲಿ ಕೂತಿರುವಂಥ ಮಕ್ಕಳಿಗೇ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. 6ರಿಂದ 14 ವರ್ಷದವರ ಶಿಕ್ಷಣ ಉಚಿತ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ, ಹಾಲು ಸಿಗುತ್ತವೆ. ಹಾಗಾದರೆ ದಾನದ ಹಣ ಯಾತಕ್ಕೆ? ಮಕ್ಕಳು ಪಟ್ಟಿ ಮಾಡಿದರು: ನೋಟ್‌ಬುಕ್ಕು, ಕಂಪಾಸ್ ಪೆಟ್ಟಿಗೆ, ಹತ್ತನೇ ತರಗತಿ ಮುಗಿದ ಮೇಲಿನ ಫೀಸು. ತಮಗೆ ಬೇಕಾದ್ದೇನೆಂದು ಅವರಿಗೆ ನಮಗಿಂತ ನಿಖರವಾಗಿ ಗೊತ್ತು. ಕ್ರೈ ಸಂಸ್ಥೆಯ ಹೆಸರಿನಲ್ಲಿ ಆದ ಬದಲಾವಣೆಯನ್ನು ಇಲ್ಲಿ ಹೇಳಿದೆ. 'ಹಕ್ಕಾದ್ರೆ ಥ್ಯಾಂಕ್ಸ್ ಹೇಳ್ಬೇಕಾ?' ಎಂಬ ಪ್ರಶ್ನೆ ಬಂತು. ಅದನ್ನು ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಬಿಟ್ಟಿದ್ದೇನೆ.

ಒಬ್ಬ ಹುಡುಗಿ ತನ್ನ ನೋಟ್‌ಬುಕ್ಕನ್ನು ಎತ್ತಿ ತೋರಿಸಿದಳು. ಉಚಿತವಾಗಿ ಹಂಚಿದ ಪುಸ್ತಕ, ರಕ್ಷಾಪುಟದ ಅರ್ಧ ಭಾಗ ದಾನಿಯ ಫೋಟೋ. "ಇವ್ರ ಫೋಟೋ ಇದೆ. ಕಾರ್ಡ್ ಬರ್ದೋರ ಹೆಸ್ರು ಯಾಕೆ ಇಲ್ಲ ಮಿಸ್?" ಈ ವರ್ಷದ ನಮ್ಮ ಉಳಿದ ಕಾರ್ಡುಗಳ ಹಿಂಬದಿಯಲ್ಲಿ ಈಗ ಮೂರು ಸಾಲು ಇದೆ. ಮೊದಲನೆಯದು ಬರೆದವರ ಹೆಸರು. ಎರಡನೆಯದು, ಇದು ಸಾಗರ–ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರದಿಂದ ಕಲಿತದ್ದು ಎಂಬ ಮಾತು. ಮೂರನೆಯದು ಸಾಮಗ್ರಿ, ದುಡಿಮೆ, ಕೊಡುಗೆ ಎಷ್ಟೆಷ್ಟು ಎಂಬ ಲೆಕ್ಕ.

ಈ ಪಾಠ ಮಾಡುವವರಿಗೆ

ಮಾರಾಟಕ್ಕೆ ಮೊದಲೇ ಹಣ ಎಲ್ಲಿಗೆ ಹೋಗುವುದೆಂದು ಬರೆದು ಹಚ್ಚಿ. ಶಾಲೆಗೇ ಹೋಗುವುದಾದರೆ ಎಸ್‌ಡಿಎಂಸಿಯ ಜಂಟಿ ಖಾತೆಗೆ ಹೋಗಲಿ, ಶಿಕ್ಷಕರ ಕೈಯಲ್ಲಿ ಉಳಿಯುವುದು ಬೇಡ. ಸೇವಾ ಸಂಸ್ಥೆಗಾದರೆ ರಸೀದಿ ತಂದು ಮಕ್ಕಳಿಗೇ ತೋರಿಸಿ. ಕಾರ್ಡು ಕೊಂಡವರು ಕೆಲವೊಮ್ಮೆ 80ಜಿ ರಸೀದಿ ಕೇಳುತ್ತಾರೆ. ಆ ರಿಯಾಯಿತಿ ದೇಣಿಗೆಗೆ, ಸರಕಿನ ಬೆಲೆಗೆ ಅಲ್ಲ. 'ಕೊಂಡವರೇ ದಾನಿಗಳು' ಎಂಬ ನಮ್ಮ ಚರ್ಚೆಗೆ ಆದಾಯ ತೆರಿಗೆಯವರ ಉತ್ತರವೂ ಸಿಕ್ಕಂತಾಯಿತು. ಕೂಲಿಯ ದರವನ್ನು ಶಿಕ್ಷಕರೇ ಹೇಳಬಾರದು, ಊರಿನ ದರವನ್ನು ಮಕ್ಕಳು ವಿಚಾರಿಸಿ ತರಲಿ. ಐದು ತರಗತಿ ಇಲ್ಲದವರು ಎರಡನೆಯದನ್ನು ಮಾತ್ರ ಬಿಡಬಾರದು. ಗಡಿಯಾರ ಇಟ್ಟುಕೊಂಡು ಒಂದು ಕಾರ್ಡು ಬರೆಯದ ಮಕ್ಕಳಿಗೆ 30 ರೂಪಾಯಿ ಬರೀ ಅಂಕಿಯಾಗಿಯೇ ಉಳಿಯುತ್ತದೆ.

ಐದನೇ ತರಗತಿಯ ಮೌಲ್ಯಮಾಪನಕ್ಕೆ ನಾಲ್ಕು ಲೆಕ್ಕ ಮತ್ತು ಒಂದು ತೆರೆದ ಪ್ರಶ್ನೆ ಕೊಟ್ಟಿದ್ದೆ. ಲೆಕ್ಕಗಳಲ್ಲಿ ಮತ್ತೆ ಮತ್ತೆ ಕಂಡ ತಪ್ಪು, ಶೇಕಡಾವನ್ನು ಮಾರಿದ ಬೆಲೆಯ ಮೇಲೆ ಕಟ್ಟುವುದು. ಇದಕ್ಕೆ ವೃತ್ತನಕ್ಷೆಯೂ ಒಂದು ಕಾರಣವಿರಬಹುದು, ಅಲ್ಲಿ ಪೂರ್ಣ ವೃತ್ತವೆಂದರೆ ಮಾರಿದ ಬೆಲೆಯೇ. ನಷ್ಟದ ಶೇಕಡಾಕ್ಕೂ ಪಾಲಿನ ಶೇಕಡಾಕ್ಕೂ ಎರಡು ಬೇರೆ ಬಣ್ಣದ ಸೀಮೆಸುಣ್ಣ ಬಳಸಿದರೆ ಗೊಂದಲ ಕಡಿಮೆಯಾಗುತ್ತದೆ. ತೆರೆದ ಪ್ರಶ್ನೆ ಹೀಗಿತ್ತು: 'ಕಾರ್ಡು 40 ರೂಪಾಯಿಗೆ ಮಾತ್ರ ಮಾರಾಟವಾಗುತ್ತದೆ. ಸಾಮಗ್ರಿಗೆ 8 ಹೋದ ಮೇಲೆ ಉಳಿದ 32ನ್ನು ಬರೆದವರಿಗೂ ಕೊಡುಗೆಗೂ ಹೇಗೆ ಹಂಚುವಿರಿ?' ಸಮಪಾಲು ಎಂದವರು ಹೆಚ್ಚು. ಕೂಲಿ 30 ಪೂರ್ತಿ ಕೊಟ್ಟು 2 ರೂಪಾಯಿ ಕೊಡುಗೆಗೆ ಎಂದವರು ಕೆಲವರು. 'ಬರೆದವರನ್ನು ಕೇಳಿ ಹೇಳುತ್ತೇವೆ' ಎಂದು ಮೂವರು ಬರೆದಿದ್ದರು. ಅವರಿಗೂ ಪೂರ್ಣ ಅಂಕ ಕೊಟ್ಟಿದ್ದೇನೆ.

ಲೆಕ್ಕದ ಚಾರ್ಟು, ಗಡಿಯಾರದ ಮುಖ ಮತ್ತು ಚಿತ್ತಾರದ ಅಂಚಿನ ಮಾದರಿ ಹಾಳೆಗಳನ್ನು ಕಾಲೇಜಿನ ಗಣಿತ ಪ್ರಯೋಗಾಲಯದಲ್ಲಿ ಇಟ್ಟಿದ್ದೇನೆ. ಮುಂದಿನ ತಂಡದವರು ತಮ್ಮ ಊರಿನ ಕೂಲಿ ದರ ಹಾಕಿಕೊಂಡು ಬಳಸಬಹುದು.